ಸಂಬಳದ ಜೊತೆ ತೋಟವೂ ಇರುವವರಿಗೆ: ಶಿವಮೊಗ್ಗದ ನಮ್ಮ ಆಡಿಟರು

ಬೆಂಗಳೂರಿನಲ್ಲಿ ಕೆಲಸ, ತೀರ್ಥಹಳ್ಳಿ ಕಡೆ ಪಾಲಿಗೆ ಬಂದ ಅಡಿಕೆ ತೋಟ. ನನ್ನಂಥವರು ಮಲೆನಾಡಿನಲ್ಲಿ ಮನೆಗೊಬ್ಬರಿದ್ದಾರೆ. ಆದಾಯ ತೆರಿಗೆ ರಿಟರ್ನ್ಸ್ ಸಲ್ಲಿಸಲು ಇಂಥವರು ಮೊಬೈಲ್ ಆ್ಯಪ್ ನಂಬಿ ಕೂರಬಾರದು ಎಂಬುದು, ಹಲವು ವರ್ಷಗಳಿಂದ ಶಿವಮೊಗ್ಗದ ಒಬ್ಬ ಆಡಿಟರ ಬಳಿ ಹೋಗುತ್ತಿರುವ ನನ್ನ ಅಭಿಪ್ರಾಯ. ದೊಡ್ಡ ಸಂಸ್ಥೆಯೇನಲ್ಲ. ಅವರು, ಒಬ್ಬ ಸಹಾಯಕಿ, ಗೋಡೆಯುದ್ದಕ್ಕೂ ಫೈಲು, ಅಷ್ಟೆ.

ಕೃಷಿ ಆದಾಯಕ್ಕೆ ತೆರಿಗೆ ಇಲ್ಲವಲ್ಲ ಎಂದು ಊರಿನಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ. ನಿಜ, ಇಲ್ಲ. ಆದರೆ ಅದು ವರ್ಷಕ್ಕೆ 5,000 ರೂಪಾಯಿ ದಾಟಿದರೆ ಐಟಿಆರ್-1 ಎಂಬ ಸರಳ ನಮೂನೆ ತುಂಬುವಂತಿಲ್ಲ. ಸಂಬಳ ತೆರಿಗೆಯ ಮಿತಿಗಿಂತ ಮೇಲಿದ್ದರೆ, ಅದರ ಮೇಲಿನ ತೆರಿಗೆಯನ್ನು ಲೆಕ್ಕ ಹಾಕುವಾಗ ತೋಟವೂ ಒಳಗೆ ಬರುತ್ತದೆ. ಅವರು ಹಳೆಯ ಹಾಳೆಯೊಂದರ ಹಿಂಬದಿಯಲ್ಲಿ ಬರೆದು ತೋರಿಸಿದ ಲೆಕ್ಕ ಹೀಗಿತ್ತು. 2025-26ರ ಹೊಸ ತೆರಿಗೆ ಪದ್ಧತಿಯಲ್ಲಿ (ದರ ಕಡಿಮೆ, ಹಳೆಯದರಲ್ಲಿದ್ದ ಹೆಚ್ಚಿನ ಕಡಿತಗಳು ಇಲ್ಲ), ಸಿಗುವ ಕಡಿತಗಳೆಲ್ಲ ಹೋಗಿ 14 ಲಕ್ಷ ಸಂಬಳ ಉಳಿದರೆ ತೆರಿಗೆ 90,000 ರೂಪಾಯಿ. ಜೊತೆಗೆ ತೋಟದಿಂದ 3 ಲಕ್ಷ ಬಂದಿದೆ ಎನ್ನಿ. ಮೊದಲು 17 ಲಕ್ಷಕ್ಕೆ ತೆರಿಗೆ ಹಾಕಬೇಕು, 1,40,000. ಆಮೇಲೆ ತೋಟದ 3 ಲಕ್ಷಕ್ಕೆ 4 ಲಕ್ಷದ ವಿನಾಯಿತಿ ಮಿತಿ ಸೇರಿಸಿ, ಆ 7 ಲಕ್ಷದ ತೆರಿಗೆ 15,000 ಕಳೆಯಬೇಕು. ಉಳಿಯುವುದು 1,25,000, ಸೆಸ್ ಬೇರೆ. ತೋಟಕ್ಕೆ ತೆರಿಗೆ ಇಲ್ಲದೆಯೇ 35,000 ರೂಪಾಯಿ ಹೆಚ್ಚು!

ಸಮಾಧಾನವೆಂದರೆ ಇಲ್ಲಿ ಲೆಕ್ಕಕ್ಕೆ ಬರುವುದು ಖರ್ಚು ಕಳೆದ ಆದಾಯ. ಆದ್ದರಿಂದ ಮಂಡಿಯ ಬಿಲ್ ಒಂದನ್ನೇ ಹಿಡಿದು ಹೋದರೆ ಅವರು ಬಿಡುವುದಿಲ್ಲ. "ಔಷಧಿ ಹೊಡೆಸಿದ್ದಕ್ಕೆ ಎಷ್ಟಾಯಿತು? ಅಡಿಕೆ ಕೊನೆ ತೆಗೆದವರಿಗೆ ಎಷ್ಟು ಕೊಟ್ಟಿರಿ? ಸುಲಿಸಿದ ಕೂಲಿ? ಬರೆದಿಟ್ಟಿದ್ದೀರೋ ಇಲ್ಲವೋ ಮಾರಾಯರೆ?" ಒಂದು ಲಕ್ಷದ ಖರ್ಚಿಗೆ ದಾಖಲೆ ಇದ್ದರೆ ಮೇಲಿನ 35,000 ನೇರವಾಗಿ 20,000ಕ್ಕೆ ಇಳಿಯುತ್ತದೆ. ಕೂಲಿಯ ವೋಚರಿಗೆ ಸಹಿ ಹಾಕಿಸಿಕೊಳ್ಳುವ ಅಭ್ಯಾಸ ನಮ್ಮ ಮನೆಗೆ ಬಂದದ್ದು ಅವರಿಂದಲೇ.

ಇಂಥ ಮಾತೆಲ್ಲ ಆಗುವುದು ಜನವರಿಯಲ್ಲಿ. ರಿಟರ್ನ್ಸ್ ತುಂಬುವುದು ಅವರಿಗೆ ಗುಮಾಸ್ತಿಕೆಯ ಕೆಲಸ, ನಿಜವಾಗಿ ಫೀಸು ಪಡೆಯುವುದು ಆರ್ಥಿಕ ವರ್ಷ ಮುಗಿಯುವ ಮಾರ್ಚ್ 31ರ ಒಳಗೆ ಕೊಡುವ ಸಲಹೆಗೆ. ಅಮ್ಮನಿಗೆ ಆರೋಗ್ಯ ವಿಮೆ ಇಲ್ಲ. 60 ದಾಟಿದ, ವಿಮೆಯಿಲ್ಲದ ತಂದೆತಾಯಿಯ ಚಿಕಿತ್ಸೆಗೆ ಮಾಡಿದ ಖರ್ಚಿನಲ್ಲಿ 50,000 ರೂಪಾಯಿವರೆಗೆ ಹಳೆಯ ಪದ್ಧತಿಯಲ್ಲಿ ಆದಾಯದಿಂದ ಕಳೆಯಬಹುದು, ನಗದು ಕೊಟ್ಟಿದ್ದರೆ ಮಾತ್ರ ಇಲ್ಲ. ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆಗೆ ಮೊದಲೇ ಇದನ್ನು ಹೇಳಿದ್ದರಿಂದ ಆಸ್ಪತ್ರೆಗೆ ಕಾರ್ಡಿನಲ್ಲೇ ಪಾವತಿಸಿದೆ. 2025ರ ಬಜೆಟ್ ಬಂದ ಮೇಲೆ ಎರಡೂ ಪದ್ಧತಿಗಳ ಲೆಕ್ಕವನ್ನು ಅಕ್ಕಪಕ್ಕ ಹಾಕಿ, ಇನ್ನು ಹಳೆಯದನ್ನು ಬಿಡಿ ಎಂದವರೂ ಅವರೇ. ಅಮ್ಮನ ಠೇವಣಿಯ ಬಡ್ಡಿಯಲ್ಲಿ ತೆರಿಗೆ ಮುರಿಯಬೇಡಿ ಎಂದು ಬ್ಯಾಂಕಿಗೆ ಬರೆದುಕೊಡುವ ನಮೂನೆಯನ್ನು ಪ್ರತಿ ಏಪ್ರಿಲ್‌ನಲ್ಲಿ ಕೊಡಲು ತಪ್ಪದೆ ನೆನಪಿಸುತ್ತಾರೆ.

ರಸೀದಿ ಇಲ್ಲದ ಯಾವುದನ್ನೂ ಹಾಕುವುದಿಲ್ಲ. ಕಚೇರಿಯ ಕೆಲವು ಗೆಳೆಯರು ಕಮಿಷನ್ ಪಡೆದು ದೊಡ್ಡ ರೀಫಂಡ್ ತರಿಸಿಕೊಡುವವರ ಬಳಿ ಹೋದರು, ರಾಜಕೀಯ ಪಕ್ಷಕ್ಕೆ ಕೊಡದ ದೇಣಿಗೆ ತೋರಿಸಿದರು, ಈಗ ನೋಟಿಸಿಗೆ ಉತ್ತರ ಬರೆಯುತ್ತ ಕೂತಿದ್ದಾರೆ.

ಕೊರತೆಗಳೂ ಇವೆ. ಜುಲೈಯಲ್ಲಿ ಫೋನ್ ಎತ್ತುವುದಿಲ್ಲ. ವಾಟ್ಸ್ಆ್ಯಪ್‌ನಲ್ಲಿ ಕಳಿಸಿದ ಕಾಗದ ಸಿಕ್ಕಿತೋ ಇಲ್ಲವೋ ತಿಳಿಯಲು ಸಹಾಯಕಿಯನ್ನೇ ಹಿಡಿಯಬೇಕು. ಷೇರು ವ್ಯವಹಾರದ ಉದ್ದನೆಯ ಪಟ್ಟಿ ಕಂಡರೆ ಮುಖ ಸಿಂಡರಿಸುತ್ತಾರೆ. ವಿದೇಶಿ ಕಂಪನಿಯ ಷೇರು ಇರುವ ನನ್ನ ತಂಗಿಗೆ, ವಿದೇಶಿ ಆಸ್ತಿಯ ವಿವರ ಬಿಟ್ಟುಹೋದರೆ 10 ಲಕ್ಷ ರೂಪಾಯಿ ದಂಡ ಬೀಳಬಹುದಾದ ಕಾನೂನು ಅದು, ನನಗೆ ಅಭ್ಯಾಸವಿಲ್ಲ ಎಂದು ಹೇಳಿ ಬೆಂಗಳೂರಿನ ಬೇರೊಬ್ಬರ ಬಳಿ ಕಳಿಸಿದರು. ನನಗೆ ಅದು ಕೊರತೆ ಅನಿಸಲಿಲ್ಲ, ತಂಗಿಗೆ ಅನಿಸಿತು.

ಈಗ ನನ್ನದಕ್ಕೆ 3,000, ಅಮ್ಮನದಕ್ಕೆ 1,000 ರೂಪಾಯಿ ತೆಗೆದುಕೊಳ್ಳುತ್ತಾರೆ. ಸಂಬಳವೊಂದೇ ಇರುವವರಿಗೆ ಇದು ದಂಡ, ಇಲಾಖೆಯ ಪೋರ್ಟಲ್‌ನಲ್ಲಿ ಸ್ವತಃ ತುಂಬಿಕೊಳ್ಳಬಹುದು. ತೋಟ, ಮಂಡಿ, ಪಹಣಿಯ ತಾಪತ್ರಯ ಇರುವವರು ಇಂಥ ಒಬ್ಬರನ್ನು ಹುಡುಕಿಕೊಳ್ಳಿ, ಅಡಿಕೆ ಮಾರಿದ ಬಿಲ್ಲುಗಳ ಜೊತೆ ಕೂಲಿಯ ಲೆಕ್ಕವನ್ನೂ ಹಿಡಿದು ಜನವರಿಯಲ್ಲೇ ಹೋಗಿ.