ಸೆಕ್ಷನ್ 8 ವೋಚರ್: ದುಡ್ಡು ಸರ್ಕಾರದ್ದು, ಮನೆ ಹುಡುಕುವ ಪಾಡು ನಿಮ್ಮದು

ಅಮೆರಿಕದಲ್ಲಿ ಕಡಿಮೆ ಆದಾಯದವರ ಮನೆ ಬಾಡಿಗೆಗೆ ಕೇಂದ್ರ ಸರ್ಕಾರ ಕೊಡುವ ನೆರವು ಇದು. 1974ರ ಕಾನೂನಿನ ಕೂಸು. ಆದಾಯದ ಹೆಚ್ಚುಕಡಿಮೆ 30 ಪರ್ಸೆಂಟ್ ಬಾಡಿಗೆದಾರರು ಕಟ್ಟಬೇಕು, ಉಳಿದದ್ದನ್ನು ಊರಿನ ಹೌಸಿಂಗ್ ಅಥಾರಿಟಿ ನೇರವಾಗಿ ಮಾಲೀಕರಿಗೆ ಕಳಿಸುತ್ತದೆ. ಈ ಮಟ್ಟಿಗೆ ಸೇವೆಗೆ ಪೂರ್ತಿ ಅಂಕ. ಆದರೆ ಅರ್ಹರಲ್ಲಿ ನಾಲ್ಕರಲ್ಲಿ ಒಬ್ಬರಿಗಷ್ಟೇ ಬಾಡಿಗೆ ನೆರವು ಸಿಗುತ್ತದೆ. ಉಳಿದವರು ವರ್ಷಗಟ್ಟಲೆ ಸರದಿಯಲ್ಲಿ.

ವೋಚರ್ ಕೈಗೆ ಬಂದಮೇಲೆ ಮನೆ ಹುಡುಕಲು ಕನಿಷ್ಠ 60 ದಿನ ಕೊಡುತ್ತಾರೆ. ಅನೇಕರು ಎಡವುವುದು ಇಲ್ಲೇ. ಕಡಿತ ಕಳೆದು ತಿಂಗಳ ಆದಾಯ 1,500 ಡಾಲರ್, ಆ ಪ್ರದೇಶದ ಪೇಮೆಂಟ್ ಸ್ಟ್ಯಾಂಡರ್ಡ್ (ಕರೆಂಟು-ಗ್ಯಾಸು ಸೇರಿ ಬಾಡಿಗೆಗೆ ಅಥಾರಿಟಿ ಲೆಕ್ಕಕ್ಕೆ ಹಿಡಿಯುವ ಗರಿಷ್ಠ ಮೊತ್ತ) 1,400 ಎಂದಿಟ್ಟುಕೊಳ್ಳಿ. ನಿಮ್ಮ ಪಾಲು 450. 1,400ಕ್ಕಿಂತ ದುಬಾರಿ ಮನೆಯಾದರೆ ಮೇಲಿನದ್ದೂ ನಿಮ್ಮ ತಲೆಗೇ, ಆದರೆ ಹೊಸದಾಗಿ ಮನೆ ಹಿಡಿಯುವಾಗ ಒಟ್ಟು ಪಾಲು ಆದಾಯದ 40 ಪರ್ಸೆಂಟ್, ಅಂದರೆ 600 ದಾಟುವಂತಿಲ್ಲ. 1,450ರ ಮನೆ ಸಿಕ್ಕಿತು, ಕರೆಂಟು-ಗ್ಯಾಸಿನ ಬಾಬ್ತು 120. ಒಟ್ಟು 1,570, ನಿಮ್ಮ ಪಾಲು 620. ಇಪ್ಪತ್ತೇ ಇಪ್ಪತ್ತು ಡಾಲರಿಗೆ ಮನೆ ಕೈತಪ್ಪಿತು! ಕರೆಂಟಿನ ಬಾಬ್ತು ಮರೆತು ಲೆಕ್ಕ ಹಾಕುವುದೇ ಸಾಮಾನ್ಯ ತಪ್ಪು. ಮನೆಯ ಒಪ್ಪಿಗೆಗೆ ಅಥಾರಿಟಿಗೆ ಫಾರಂ ಕೊಡುವ ಮೊದಲೇ ಕೂಡಿ ನೋಡಿ, ಮಾಲೀಕರ ಹತ್ತಿರ ಚೌಕಾಸಿ ಮಾಡಿ.

ಆಮೇಲೆ ತಪಾಸಣೆ. ಹೊಗೆ ಅಲಾರಂ ಕೆಲಸ ಮಾಡದಿದ್ದರೆ ಫೇಲ್. 1978ಕ್ಕಿಂತ ಹಳೆಯ ಮನೆಗೆ ಆರು ವರ್ಷದೊಳಗಿನ ಮಗು ಬರುವುದಾದರೆ ಗೋಡೆಯ ಬಣ್ಣ ಎದ್ದಿದ್ದರೂ ಫೇಲ್, ಹಳೆಯ ಬಣ್ಣದಲ್ಲಿರಬಹುದಾದ ಸೀಸದ ಭಯ. ರಿಪೇರಿ, ಮರುತಪಾಸಣೆ ಮುಗಿಯುವವರೆಗೆ ಸಾಮಾನ್ಯವಾಗಿ ಬಾಡಿಗೆ ಹುಟ್ಟುವುದಿಲ್ಲ. ಅಷ್ಟರಲ್ಲಿ ಮಾಲೀಕರು ಬೇರೆಯವರಿಗೆ ಕೊಟ್ಟಿರುತ್ತಾರೆ.

ದೊಡ್ಡ ತೂತು ಕಾನೂನಿನಲ್ಲಿದೆ. ಕಪ್ಪು ಜನ ಅಂತ ಮನೆ ನಿರಾಕರಿಸುವುದನ್ನು 1968ರ ಫೇರ್ ಹೌಸಿಂಗ್ ಆ್ಯಕ್ಟ್ ತಡೆಯುತ್ತದೆ, ವೋಚರ್ ಅಂತ ನಿರಾಕರಿಸುವುದನ್ನಲ್ಲ. ಒಂದನ್ನು ಇನ್ನೊಂದರ ಹಿಂದೆ ಬಚ್ಚಿಡುವುದು ಎಷ್ಟು ಸುಲಭ ನೋಡಿ. ಕ್ಯಾಲಿಫೋರ್ನಿಯಾ, ನ್ಯೂಜೆರ್ಸಿಯಲ್ಲಿ ‘ಸೆಕ್ಷನ್ 8 ಬೇಡ’ ಎನ್ನುವುದು ಕಾನೂನುಬಾಹಿರ (ಅಲ್ಲಿ ಮನೆ ಬಾಡಿಗೆಗೆ ಕೊಟ್ಟಿರುವ ಕನ್ನಡಿಗರೂ ಗಮನಿಸಿ). ಟೆಕ್ಸಾಸಿನಲ್ಲಿ 2015ರಿಂದ, ಮಾಜಿ ಸೈನಿಕರ ವಿಷಯ ಬಿಟ್ಟರೆ, ಊರುಗಳು ಅಂಥ ನಿಯಮ ಮಾಡುವುದಕ್ಕೇ ತಡೆ.

ಪ್ರದೇಶದ ಆಯ್ಕೆ ಸಣ್ಣ ವಿಷಯವಲ್ಲ. 1994ರಲ್ಲಿ ಐದು ನಗರಗಳಲ್ಲಿ ಶುರುವಾದ ವೋಚರ್ ಪ್ರಯೋಗದಲ್ಲಿ, 13 ವರ್ಷ ತುಂಬುವ ಮೊದಲೇ ಬಡತನ ಕಡಿಮೆಯಿರುವ ಕಡೆಗೆ ಹೋದ ಮಕ್ಕಳ ಗಳಿಕೆ ದೊಡ್ಡವರಾದ ಮೇಲೆ ಸುಮಾರು 31 ಪರ್ಸೆಂಟ್ ಹೆಚ್ಚಿತ್ತು. ಸಿಯಾಟಲ್‌ನಲ್ಲಿ ವೋಚರಿನ ಜೊತೆಗೆ ಮನೆ ಹುಡುಕಿಕೊಡುವ ಸಿಬ್ಬಂದಿ, ಅಡ್ವಾನ್ಸಿಗೆ ಸ್ವಲ್ಪ ಹಣ, ಮಾಲೀಕರ ಜೊತೆ ಮಾತುಕತೆ ಇಷ್ಟನ್ನು ಸೇರಿಸಿದರು. ಒಳ್ಳೆಯ ಬಡಾವಣೆ ಸೇರಿದವರು 15 ಪರ್ಸೆಂಟಿನಿಂದ 53ಕ್ಕೆ ಏರಿದರು. ನಿಮ್ಮೂರಿನ ಅಥಾರಿಟಿಯಲ್ಲೂ ಇಂಥ ನೆರವಿದೆಯೇ ಎಂದು ವೋಚರ್ ಪಡೆದ ದಿನವೇ ಕೇಳಿ, 59ನೇ ದಿನವಲ್ಲ.