ವಿಸಿಟರ್ ಆಗಿ ಹೋಗಿ ಕೆನಡಾದಲ್ಲೇ ಮದುವೆ: ಅಲ್ಲಿನ ಸ್ಪೌಸ್ ಸ್ಪಾನ್ಸರ್‌ಶಿಪ್ ಸೇವೆ ಹೇಗಿದೆ?

ಕೆನಡಾದ ಪ್ರಜೆಯನ್ನೋ ಪಿಆರ್ (ಕಾಯಂ ವಾಸದ ಹಕ್ಕು) ಇರುವವರನ್ನೋ ಮದುವೆಯಾದವರಿಗೆ ಅಲ್ಲಿನ ವಲಸೆ ಇಲಾಖೆ, ಅಂದರೆ ಐಆರ್‌ಸಿಸಿ, ಇಟ್ಟಿರುವ ನಿಯಮಗಳು ನಿಜಕ್ಕೂ ಉದಾರವಾಗಿವೆ. ಸ್ಪಾನ್ಸರ್ ಮಾಡುವವರಿಗೆ, ಅಂದರೆ ಸಂಗಾತಿಯ ಹೊಣೆ ಹೊತ್ತು ಕಾಯಂ ವಾಸಕ್ಕೆ ಕರೆಸಿಕೊಳ್ಳುವ ಗಂಡನಿಗೋ ಹೆಂಡತಿಗೋ, ಇಂತಿಷ್ಟು ಸಂಬಳ ಇರಲೇಬೇಕೆಂಬ ಷರತ್ತು ಸಾಮಾನ್ಯವಾಗಿ ಇಲ್ಲ. ಸಂಗಾತಿಗೆ ದುಬಾರಿ ಚಿಕಿತ್ಸೆ ಬೇಕಾದ ಕಾಯಿಲೆ ಇದೆ ಎಂಬ ಕಾರಣಕ್ಕೆ ಅರ್ಜಿ ತಿರಸ್ಕರಿಸುವ ಹಾಗಿಲ್ಲ. ಪಿಆರ್ ಸಿಕ್ಕ ಮೇಲೆ ಎರಡು ವರ್ಷ ಜೊತೆಗೇ ಇರಬೇಕೆಂಬ ಹಳೆಯ ಕಟ್ಟಳೆಯೂ 2017ರಲ್ಲಿ ಹೋಯಿತು. ವಿಸಿಟರ್ ಆಗಿ ಹೋಗಿ, ಅಲ್ಲೇ ಮದುವೆಯಾಗಿ, ಅಲ್ಲಿಂದಲೇ ಅರ್ಜಿ ಹಾಕುವುದಕ್ಕೆ ತಡೆಯಿಲ್ಲ. ಇಷ್ಟಿದ್ದರೂ ಈ ಸೇವೆಗೆ ಪೂರ್ತಿ ಅಂಕ ಕೊಡಲು ಮನಸ್ಸು ಬರುವುದಿಲ್ಲ. ಪಿಆರ್ ಅರ್ಜಿ ಹಾಕಿದ ಮಾತ್ರಕ್ಕೆ ದೇಶದಲ್ಲಿ ಉಳಿಯುವ ಹಕ್ಕು ಹುಟ್ಟುವುದಿಲ್ಲ ಎಂಬ ಮಾತನ್ನು ಇಲಾಖೆ ಎದ್ದು ಕಾಣುವಂತೆ ಹೇಳುವುದೇ ಇಲ್ಲ. ಜನ ಎಡವುವುದು ಹೆಚ್ಚಾಗಿ ಅಲ್ಲೇ.

ಮೊದಲ ಗೊಂದಲ ವಿಮಾನ ನಿಲ್ದಾಣದಲ್ಲೇ ಶುರುವಾಗುತ್ತದೆ. ಪಾಸ್‌ಪೋರ್ಟಿಗೆ ಅಂಟಿಸಿದ ವೀಸಾ ಹತ್ತು ವರ್ಷದ್ದಿರಬಹುದು. ಅದು ದೇಶದ ಬಾಗಿಲಿಗೆ ಬರಲು ಇರುವ ಅವಧಿ, ಒಳಗೆ ಉಳಿಯಲು ಇರುವ ಅವಧಿಯಲ್ಲ. ಗಡಿ ಅಧಿಕಾರಿ ಮೊಹರು ಒತ್ತಿ ಅದರಲ್ಲಿ ಯಾವ ಕೊನೆಯ ದಿನಾಂಕವನ್ನೂ ಬರೆಯದಿದ್ದರೆ ಪ್ರವೇಶದ ದಿನದಿಂದ ಆರು ತಿಂಗಳು ಲೆಕ್ಕ. ಕೈಯಲ್ಲಿ ದಿನಾಂಕ ಬರೆದಿದ್ದರೆ, ಅಥವಾ ವಿಸಿಟರ್ ರೆಕಾರ್ಡ್ ಎಂಬ ಬೇರೆ ಕಾಗದ ಕೊಟ್ಟಿದ್ದರೆ, ಅದರಲ್ಲಿರುವ ದಿನವೇ ಕೊನೆ. ಅಧಿಕಾರಿ ಪ್ರಶ್ನೆ ಕೇಳಿದಾಗ ಸುಮ್ಮನೆ ಊರು ನೋಡಲು ಬಂದೆ ಎಂದು ಮದುವೆಯ ವಿಷಯ ಮುಚ್ಚಿಡುವುದು ದೊಡ್ಡ ತಪ್ಪು. ತಾತ್ಕಾಲಿಕವಾಗಿ ಬರುವವರಿಗೆ ಮುಂದೆ ಕಾಯಂ ಆಗಿ ನೆಲೆಸುವ ಉದ್ದೇಶವೂ ಇರಬಹುದೆಂದು ವಲಸೆ ಕಾಯ್ದೆಯ 22(2) ಸೆಕ್ಷನ್ನೇ ಒಪ್ಪುತ್ತದೆ. ಅನುಮತಿಸಿದ ಅವಧಿ ಮುಗಿದಾಗ ಹೊರಡುತ್ತೀರಿ ಎಂದು ಅಧಿಕಾರಿಗೆ ನಂಬಿಕೆ ಬರಬೇಕು, ಅಷ್ಟೇ. ಸುಳ್ಳು ಹೇಳಿದ್ದು ಸಾಬೀತಾದರೆ ಐದು ವರ್ಷ ಬಾಗಿಲು ಮುಚ್ಚುತ್ತದೆ. ವಿಸಿಟರ್ ವೀಸಾ ಅರ್ಜಿಯಲ್ಲಿ ಹೇಳಿದ್ದಕ್ಕೂ ಆಮೇಲೆ ಸ್ಪಾನ್ಸರ್‌ಶಿಪ್ ಅರ್ಜಿಯಲ್ಲಿ ಬರೆಯುವ ಪರಿಚಯದ ಕಥೆಗೂ ತಾಳೆ ಇರಬೇಕು. ಎರಡೂ ಇಲಾಖೆಯ ಕಂಪ್ಯೂಟರಿನಲ್ಲಿ ಅಕ್ಕಪಕ್ಕದಲ್ಲೇ ಇರುತ್ತವೆ.

ಮದುವೆ ಪ್ರಾಂತ್ಯ ಸರ್ಕಾರದ ವ್ಯವಹಾರ, ನಿಯಮ ಪ್ರಾಂತ್ಯದಿಂದ ಪ್ರಾಂತ್ಯಕ್ಕೆ ಬೇರೆ. ನಮ್ಮವರು ಹೆಚ್ಚಾಗಿರುವ ಒಂಟಾರಿಯೊದಲ್ಲಿ ಈ ಭಾಗ ಸಲೀಸು. ಅಲ್ಲಿನ ನಿವಾಸಿಯಾಗಿರಬೇಕೆಂದಿಲ್ಲ; ಪುರಸಭೆಯ ಕಚೇರಿಯಲ್ಲಿ ಮದುವೆ ಲೈಸೆನ್ಸ್ ತೆಗೆದುಕೊಂಡರೆ ಅದು 90 ದಿನ ಪ್ರಾಂತ್ಯದಲ್ಲೆಲ್ಲ ನಡೆಯುತ್ತದೆ. ಇಬ್ಬರು ಸಾಕ್ಷಿಗಳು ಬೇಕು. ದೇವಸ್ಥಾನದಲ್ಲಿ ಶಾಸ್ತ್ರೋಕ್ತವಾಗಿ ಆಗುವುದಿದ್ದರೆ ಒಂದನ್ನು ಮುಂಚೆಯೇ ವಿಚಾರಿಸಿ: ಧಾರೆ ಎರೆಸುವ ಪುರೋಹಿತರ ಹೆಸರು ಪ್ರಾಂತ್ಯದ ನೋಂದಾಯಿತ ಪಟ್ಟಿಯಲ್ಲಿ ಇದೆಯೇ? ಆ ಪಟ್ಟಿ ಸರ್ಕಾರದ ಜಾಲತಾಣದಲ್ಲೇ ಇದೆ. ಸಮಾರಂಭದ ದಿನ ಕೈಗೆ ಕೊಡುವ ಚೀಟಿ ಮದುವೆ ಪ್ರಮಾಣಪತ್ರವಲ್ಲ. ಲೈಸೆನ್ಸ್ ಭರ್ತಿಯಾಗಿ ರಿಜಿಸ್ಟ್ರಾರ್ ಜನರಲ್ ಕಚೇರಿಗೆ ಹೋಗಿ, ನೋಂದಣಿಯಾಗಿ, ಆಮೇಲೆ ನೀವು ಕೇಳಿ ತರಿಸಿಕೊಳ್ಳುವುದೇ ಪ್ರಮಾಣಪತ್ರ. ಇದಕ್ಕೆ ವಾರಗಟ್ಟಲೆ ಹಿಡಿಯುವುದರಿಂದ ಆರು ತಿಂಗಳ ಅವಧಿಯ ಐದನೇ ತಿಂಗಳಲ್ಲಿ ಮದುವೆ ಇಟ್ಟುಕೊಂಡರೆ ಮುಂದಿನದೆಲ್ಲ ಇಕ್ಕಟ್ಟಾಗುತ್ತದೆ.

ಇಬ್ಬರಲ್ಲಿ ಯಾರಿಗಾದರೂ ಭಾರತದಲ್ಲಿ ವಿಚ್ಛೇದನ ಆಗಿದ್ದರೆ ಒಂಟಾರಿಯೊದಲ್ಲಿ ಲೈಸೆನ್ಸ್ ನೇರವಾಗಿ ಸಿಗುವುದಿಲ್ಲ. ಡಿಕ್ರಿಯ ದೃಢೀಕೃತ ಪ್ರತಿ, ಆ ವಿಚ್ಛೇದನಕ್ಕೆ ಅಲ್ಲಿ ಮಾನ್ಯತೆ ಇದೆ ಎಂದು ಒಂಟಾರಿಯೊದ ವಕೀಲರು ಬರೆದ ಅಭಿಪ್ರಾಯ ಪತ್ರ, ಇವನ್ನೆಲ್ಲ ರಿಜಿಸ್ಟ್ರಾರ್ ಜನರಲ್ ಕಚೇರಿಗೆ ಕಳಿಸಿ ಒಪ್ಪಿಗೆ ಪಡೆಯಬೇಕು. ಡಿಕ್ರಿ ಕನ್ನಡದಲ್ಲಿದ್ದರೆ ಇಂಗ್ಲಿಷ್ ಅನುವಾದವೂ ಬೇಕು. ವಲಸೆ ಇಲಾಖೆಗೆ ಕೊಡುವ ಅನುವಾದವನ್ನು ಮನೆಯವರು ಮಾಡುವಂತಿಲ್ಲ. ಇಬ್ಬರಲ್ಲಿ ಒಬ್ಬರು ಭಾರತದಲ್ಲೇ ಕೂತು ವಿಡಿಯೊ ಕರೆಯಲ್ಲಿ ಮದುವೆಯಾಗುವ ಯೋಚನೆ ಇದ್ದರೆ ಬಿಟ್ಟುಬಿಡಿ. 2015ರ ಜೂನ್ 11ರಿಂದ ಪ್ರತಿನಿಧಿಯ ಮೂಲಕ, ಫೋನಿನಲ್ಲಿ, ಇಂಟರ್‌ನೆಟ್‌ನಲ್ಲಿ ಆದ ಮದುವೆಗಳನ್ನು ವಲಸೆ ಇಲಾಖೆ ಲೆಕ್ಕಕ್ಕೆ ಹಿಡಿಯುವುದಿಲ್ಲ.

ಈಗ ಅರ್ಜಿ ಇನ್‌ಲ್ಯಾಂಡೋ (ಕೆನಡಾದೊಳಗೆ ಇರುವವರ ವರ್ಗ) ಔಟ್‌ಲ್ಯಾಂಡೋ (ಹೊರಗಿನವರಿಗೆಂದು ಇರುವ ವರ್ಗ) ಎಂಬ ಪ್ರಶ್ನೆ. ಕೆನಡಾದೊಳಗೆ ಇದ್ದೀರಿ ಎಂದಮಾತ್ರಕ್ಕೆ ಇನ್‌ಲ್ಯಾಂಡ್ ವರ್ಗದಲ್ಲೇ ಹಾಕಬೇಕೆಂದು ಬಹಳ ಜನ ತಿಳಿದಿದ್ದಾರೆ. ಹಾಗೇನಿಲ್ಲ. ಒಳಗಿದ್ದೇ ಔಟ್‌ಲ್ಯಾಂಡ್, ಅಂದರೆ ಫ್ಯಾಮಿಲಿ ಕ್ಲಾಸ್ ಅರ್ಜಿಯನ್ನೂ ಹಾಕಬಹುದು. ಇನ್‌ಲ್ಯಾಂಡ್‌ನಲ್ಲಿ ಕೆನಡಾದಲ್ಲಿ ಸಂಗಾತಿಯ ಜೊತೆ ಒಂದೇ ಮನೆಯಲ್ಲಿ ವಾಸವಿರಬೇಕು. ನಡುವೆ ಊರಿಗೆ ಹೋಗಿ, ವಾಪಸು ಬರುವಾಗ ಗಡಿಯಲ್ಲಿ ಒಳಗೆ ಬಿಡದಿದ್ದರೆ ಅರ್ಜಿಯ ಬುಡವೇ ಕಳಚುತ್ತದೆ. ಜೊತೆಗೆ, ಇನ್‌ಲ್ಯಾಂಡ್ ಅರ್ಜಿ ತಿರಸ್ಕೃತವಾದರೆ ವಲಸೆ ಮೇಲ್ಮನವಿ ವಿಭಾಗಕ್ಕೆ ಹೋಗುವ ಹಕ್ಕಿಲ್ಲ. ಫೆಡರಲ್ ಕೋರ್ಟಿನ ಅನುಮತಿ ಕೇಳಬೇಕು, ಅದೂ 15 ದಿನದೊಳಗೆ. ಔಟ್‌ಲ್ಯಾಂಡ್‌ನಲ್ಲಿ ಸ್ಪಾನ್ಸರ್‌ಗೆ ಮೇಲ್ಮನವಿಯ ಹಕ್ಕಿದೆ, 30 ದಿನ ಸಮಯವಿದೆ. ಮೊದಲೆಲ್ಲ ಇನ್‌ಲ್ಯಾಂಡ್‌ನ ದೊಡ್ಡ ಆಕರ್ಷಣೆ ಓಪನ್ ವರ್ಕ್ ಪರ್ಮಿಟ್, ಅಂದರೆ ಒಂದೇ ಕಂಪನಿಗೆ ಕಟ್ಟುಬೀಳದೆ ಕೆಲಸ ಮಾಡುವ ಅನುಮತಿ, ಆಗಿತ್ತು. 2023ರ ಮೇ ತಿಂಗಳಿಂದ, ಕೆನಡಾದಲ್ಲಿ ಸ್ಪಾನ್ಸರ್ ಜೊತೆ ಇರುವ ಔಟ್‌ಲ್ಯಾಂಡ್ ಅರ್ಜಿದಾರರಿಗೂ ಅದು ಸಿಗುತ್ತಿದೆ. ಆದ್ದರಿಂದ ಕಾನೂನುಬದ್ಧವಾಗಿ ವಿಸಿಟರ್ ಆಗಿರುವವರಿಗೆ ನಮ್ಮ ಶಿಫಾರಸು ಔಟ್‌ಲ್ಯಾಂಡ್. ಊರಲ್ಲಿ ವಯಸ್ಸಾದ ತಂದೆತಾಯಿ ಇದ್ದು ಯಾವಾಗ ಹೋಗಬೇಕಾಗುತ್ತದೋ ಹೇಳಲಾಗದು ಎನ್ನುವವರಿಗಂತೂ ಬೇರೆ ಯೋಚನೆಯೇ ಬೇಡ. ಇಲಾಖೆ ಔಟ್‌ಲ್ಯಾಂಡ್‌ಗೆ ಇಟ್ಟುಕೊಂಡಿರುವ ಗುರಿ 12 ತಿಂಗಳು. ಅರ್ಜಿ ಹಾಕುವ ವಾರ ಎರಡೂ ವರ್ಗದ ಸದ್ಯದ ಕಾಯುವ ಅವಧಿಯನ್ನು ಅವರ ತಾಣದಲ್ಲಿ ಹೋಲಿಸಿ ನೋಡಿ. ಇನ್‌ಲ್ಯಾಂಡ್ ನಿಜವಾಗಿ ಕೈಹಿಡಿಯುವುದು ಅವಧಿ ಮೀರಿ ಉಳಿದು ಸ್ಟೇಟಸ್ (ಕಾನೂನುಬದ್ಧವಾಗಿ ಉಳಿಯುವ ಅನುಮತಿ) ಕಳೆದುಕೊಂಡವರನ್ನು. 2005ರ ಸಾರ್ವಜನಿಕ ನೀತಿಯ ಪ್ರಕಾರ ಅಂಥವರ ಅರ್ಜಿಯನ್ನೂ ಈ ವರ್ಗದಲ್ಲಿ ಪರಿಗಣಿಸುತ್ತಾರೆ. ಅಪರಾಧ, ಸುಳ್ಳು ಮಾಹಿತಿಯಂಥ ತೊಡಕುಗಳಿಗೆ ಆ ರಿಯಾಯಿತಿ ಇಲ್ಲ.

ಇನ್ನು ಮೊದಲೇ ಹೇಳಿದ ಎಡವಟ್ಟಿನ ಜಾಗ. ಪಿಆರ್ ಅರ್ಜಿ ಹೋಗಿದೆ, ಹಣ ಕಟ್ಟಾಗಿದೆ, ಇನ್ನು ಇಲ್ಲೇ ಇರಬಹುದು ಎಂಬ ಧೈರ್ಯದಲ್ಲಿ ವಿಸಿಟರ್ ಅವಧಿ ಮುಗಿಯಲು ಬಿಡುತ್ತಾರೆ. ಉಳಿಯುವ ಹಕ್ಕು ಮುಂದುವರಿಯುವುದು ತಾತ್ಕಾಲಿಕ ವಾಸದ ಅರ್ಜಿಯಿಂದ ಮಾತ್ರ: ವಿಸಿಟರ್ ಅವಧಿ ವಿಸ್ತರಣೆಗೋ ವರ್ಕ್ ಪರ್ಮಿಟ್‌ಗೋ, ಅವಧಿ ಮುಗಿಯುವ ಮುನ್ನ ಹಾಕಿದ್ದಿರಬೇಕು. ಹಾಗೆ ಹಾಕಿದ್ದರೆ ತೀರ್ಮಾನ ಬರುವ ತನಕ ಹಳೆಯ ಷರತ್ತುಗಳಲ್ಲೇ ಇರಬಹುದು. ಇದನ್ನು ಮೇಂಟೇನ್ಡ್ ಸ್ಟೇಟಸ್ ಅನ್ನುತ್ತಾರೆ. ಓಪನ್ ವರ್ಕ್ ಪರ್ಮಿಟ್ ಕೇಳಲು ಪಿಆರ್ ಅರ್ಜಿ ಸ್ವೀಕೃತವಾಗಿದೆ ಎಂಬ ಪತ್ರ, ಜನರ ಬಾಯಲ್ಲಿ ಎಓಆರ್, ಕೈಯಲ್ಲಿರಬೇಕು. ಅದು ಯಾವಾಗ ಬರುತ್ತದೆಂಬುದು ನಿಮ್ಮ ಕೈಯಲ್ಲಿಲ್ಲ. ಒಂದು ಕಾಗದ ಕಡಿಮೆಯಾಗಿದ್ದರೂ ಇಡೀ ಅರ್ಜಿ ಅಪೂರ್ಣವೆಂದು ಹಿಂದಿರುಗುತ್ತದೆ, ಹಿಂದಿರುಗಿದ ಅರ್ಜಿ ಹಾಕಿಯೇ ಇಲ್ಲದ ಲೆಕ್ಕ. ಅಷ್ಟು ಹೊತ್ತಿಗೆ ಆರು ತಿಂಗಳು ಕಳೆದಿರುತ್ತದೆ. ಹಾಗಾಗಿ ಎಓಆರ್‌ಗೆ ಕಾಯುತ್ತಾ ಕೂರದೆ, ಕೊನೆಯ ದಿನಕ್ಕೆ ತಿಂಗಳಿಗೂ ಹೆಚ್ಚು ಸಮಯ ಇರುವಾಗಲೇ 100 ಡಾಲರ್ ಕಟ್ಟಿ ವಿಸಿಟರ್ ವಿಸ್ತರಣೆಗೆ ಹಾಕಿ. ಪತ್ರ ಬಂದ ಮೇಲೆ ವರ್ಕ್ ಪರ್ಮಿಟ್ ಪ್ರತ್ಯೇಕವಾಗಿ ಹಾಕಬಹುದು. ಅದಕ್ಕೆ 155 ಮತ್ತು 100, ಒಟ್ಟು 255 ಡಾಲರ್. ಪರ್ಮಿಟ್ ಕೈಗೆ ಬರುವವರೆಗೆ ಒಂದು ದಿನದ ಕೆಲಸವನ್ನೂ ಮಾಡುವಂತಿಲ್ಲ. ಅವಧಿ ತಪ್ಪಿಹೋದರೆ 90 ದಿನದೊಳಗೆ ಸ್ಟೇಟಸ್ ಮರಳಿ ಕೊಡಿ ಎಂದು ಕೇಳುವ ಅವಕಾಶವಿದೆ, ಆದರೆ ಕೊಡಲೇಬೇಕೆಂದಿಲ್ಲ.

ಅರ್ಜಿ ಪೂರ್ತಿ ಆನ್‌ಲೈನ್, ಪಿಆರ್ ಪೋರ್ಟಲ್ ಮೂಲಕ. ಸ್ಪಾನ್ಸರ್ ಕಡೆಯಿಂದ ಐಎಂಎಂ 1344 ಎಂಬ ಫಾರಂ, ಇಬ್ಬರೂ ಸೇರಿ ಸಂಬಂಧದ ವಿವರಕ್ಕೆ ಐಎಂಎಂ 5532, ಬರುವವರ ಕಡೆಯಿಂದ 0008 (ಮುಖ್ಯ ಅರ್ಜಿ), 5669 (ಹಿನ್ನೆಲೆಯ ವಿವರ), 5406 (ಕುಟುಂಬದ ವಿವರ). ಇವುಗಳ ಜೊತೆ 5533 ಎಂಬ ತಪಾಸಣಾ ಪಟ್ಟಿ. ಅರ್ಜಿ ಹಿಂದಿರುಗಲು 5669 ದೊಡ್ಡ ಕಾರಣ. ಹತ್ತು ವರ್ಷದ, ಅಥವಾ 18 ತುಂಬಿದಾಗಿನಿಂದ, ತಿಂಗಳು ತಿಂಗಳಿನ ಲೆಕ್ಕ ಕೇಳುತ್ತದೆ. ಓದು ಮುಗಿಸಿ ಕೆಲಸ ಸಿಗುವವರೆಗೆ ಮನೆಯಲ್ಲಿದ್ದ ನಾಲ್ಕು ತಿಂಗಳನ್ನೂ, ಕೆನಡಾದಲ್ಲಿ ವಿಸಿಟರ್ ಆಗಿ ಸುಮ್ಮನಿರುವ ತಿಂಗಳುಗಳನ್ನೂ ನಿರುದ್ಯೋಗಿ ಎಂದೇ ತುಂಬಬೇಕು. ವಿಳಾಸದ ಪಟ್ಟಿಗೂ ಇದೇ ಮಾತು. 5406ರಲ್ಲಿ ತೀರಿಕೊಂಡ ಒಡಹುಟ್ಟಿದವರ ಹೆಸರನ್ನೂ ಬರೆಯಬೇಕು. ಮೊದಲ ಮದುವೆಯ ಮಗು ತಮ್ಮ ಜೊತೆ ಬರುವುದಿಲ್ಲವೆಂದು ಹೆಸರು ಬಿಟ್ಟವರು ಮುಂದೆ ಆ ಮಗುವನ್ನು ಸ್ಪಾನ್ಸರ್ ಮಾಡುವ ಹಕ್ಕನ್ನೇ ಕಳೆದುಕೊಳ್ಳಬಹುದು. ಬರುವ ಮಕ್ಕಳು, ಬರದ ಮಕ್ಕಳು ಎಲ್ಲರನ್ನೂ ಹೇಳಿ, ವೈದ್ಯಕೀಯ ತಪಾಸಣೆಗೂ ಕಳಿಸಿ.

1344ರಲ್ಲಿ ಒಂದು ಸಣ್ಣ ಪ್ರಶ್ನೆಯನ್ನು ಓದದೆಯೇ ಗುರುತು ಹಾಕಿಬಿಡುತ್ತಾರೆ: ಸ್ಪಾನ್ಸರ್ ಅನರ್ಹ ಎಂದು ತೀರ್ಮಾನವಾದರೆ ಅರ್ಜಿ ಹಿಂತೆಗೆಯುವುದೋ, ಮುಂದುವರಿಸುವುದೋ? ಹಿಂತೆಗೆಯುವುದು ಎಂದರೆ ಸ್ಪಾನ್ಸರ್‌ಶಿಪ್ ಶುಲ್ಕ ಬಿಟ್ಟು ಮಿಕ್ಕ ಹಣ ವಾಪಸು. ಮುಂದುವರಿಸುವುದು ಎಂದರೆ ಹಣ ಹೋಗುತ್ತದೆ, ಆದರೆ ಔಟ್‌ಲ್ಯಾಂಡ್‌ನಲ್ಲಿ ಮೇಲ್ಮನವಿಯ ಹಕ್ಕು ಉಳಿಯುತ್ತದೆ. ಅನರ್ಹತೆಯ ಕಾರಣಗಳನ್ನು ಮೊದಲೇ ನೋಡಿಕೊಳ್ಳಿ. ಸ್ಪಾನ್ಸರ್ ತಾವೇ ಹಿಂದೆ ಸಂಗಾತಿಯ ಸ್ಪಾನ್ಸರ್‌ಶಿಪ್‌ನಲ್ಲಿ ಬಂದವರಾದರೆ ಪಿಆರ್ ಆಗಿ ಐದು ವರ್ಷ ತುಂಬಿರಬೇಕು. ಅಂಗವೈಕಲ್ಯದ ನೆರವು ಹೊರತು ಸರ್ಕಾರದ ಸಾಮಾಜಿಕ ನೆರವಿನ ಹಣ ಪಡೆಯುತ್ತಿರಬಾರದು. ಪಿಆರ್ ಇರುವವರು ಕೆನಡಾದಲ್ಲೇ ವಾಸವಿರಬೇಕು.

ದುಡ್ಡಿನ ಲೆಕ್ಕ 2024ರ ಏಪ್ರಿಲ್ 30ರ ಪರಿಷ್ಕರಣೆಯಂತೆ ಹೀಗಿತ್ತು: ಸ್ಪಾನ್ಸರ್‌ಶಿಪ್ 85, ಅರ್ಜಿ ಪರಿಶೀಲನೆ 545, ಕಾಯಂ ವಾಸದ ಹಕ್ಕಿನ ಶುಲ್ಕ 575, ಬೆರಳಚ್ಚು ಮತ್ತು ಫೋಟೊಗೆ 85, ಒಟ್ಟು 1,290 ಡಾಲರ್. ಎರಡು ವರ್ಷಕ್ಕೊಮ್ಮೆ ಏರಿಸುವ ಪದ್ಧತಿ ಇರುವುದರಿಂದ ಕಟ್ಟುವ ದಿನದ ದರವನ್ನೇ ನೋಡಿ. ಅರ್ಜಿ ತಿರಸ್ಕೃತವಾದರೆ ಕಾಯಂ ವಾಸದ ಹಕ್ಕಿನ ಶುಲ್ಕ ಹಿಂದಕ್ಕೆ ಬರುತ್ತದೆ. ವೈದ್ಯಕೀಯ ತಪಾಸಣೆಯ ಹಣ ಇಲಾಖೆ ಮಾನ್ಯ ಮಾಡಿದ ವೈದ್ಯರಿಗೇ ಬೇರೆ. ತಪಾಸಣೆ ಮಾಡಿಸಿ ಎಂದು ಇಲಾಖೆಯ ಪತ್ರ ಬಂದ ಮೇಲೆಯೇ ಹೋಗಿ. ಹತ್ತು ವರ್ಷದಲ್ಲಿ ಆರು ತಿಂಗಳು ಅಥವಾ ಹೆಚ್ಚು ಕಾಲ ನೆಲೆಸಿದ ಪ್ರತಿ ದೇಶದಿಂದ ಪೊಲೀಸ್ ಪ್ರಮಾಣಪತ್ರ ಬೇಕು. ಭಾರತದ್ದನ್ನು ಹೊರಡುವ ಮುಂಚೆ ಪಾಸ್‌ಪೋರ್ಟ್ ಸೇವಾ ಕೇಂದ್ರದಲ್ಲಿ ಮಾಡಿಸಿಕೊಂಡರೆ ಓಡಾಟ ಕಡಿಮೆ.

ಮದುವೆ ನಿಜವೋ, ಪಿಆರ್‌ಗಾಗಿ ಮಾಡಿದ್ದೋ ಎಂಬ ಪರೀಕ್ಷೆಯಲ್ಲಿ ಎರಡು ಅಂಶಗಳಿವೆ: ಸಂಬಂಧ ನಿಜವಾಗಿರಬೇಕು, ಮತ್ತು ಅದರ ಮುಖ್ಯ ಉದ್ದೇಶ ವಲಸೆ ಆಗಿರಬಾರದು. ಒಂದರಲ್ಲಿ ಸೋತರೂ ಸೋಲು. ತಪಾಸಣಾ ಪಟ್ಟಿ 20 ಫೋಟೊ, ಪತ್ರ ಮತ್ತು ಚಾಟ್‌ಗೆ 10 ಪುಟ ಎಂದು ಮಿತಿ ಹಾಕುತ್ತದೆ. ಒಂದೇ ಮುಹೂರ್ತದ ಇಪ್ಪತ್ತು ಫೋಟೊಗಳಿಗಿಂತ, ಬೇರೆ ಬೇರೆ ತಿಂಗಳಿನ, ಬೇರೆ ಬೇರೆ ಜನರ ಜೊತೆಗಿನ ಫೋಟೊಗಳಿಗೆ ತೂಕ ಜಾಸ್ತಿ. ಪ್ರತಿಯೊಂದರ ಕೆಳಗೆ ದಿನಾಂಕ, ಸ್ಥಳ, ಯಾರು ಯಾರು ಎಂದು ಬರೆಯಿರಿ. ವಿಸಿಟರ್ ಆಗಿ ಹೋಗಿ ಪುರಸಭೆಯಲ್ಲಿ ನಾಲ್ಕು ಜನರೆದುರು ಆದ ಮದುವೆ ಅಧಿಕಾರಿಗೆ ಪ್ರಶ್ನೆ ಹುಟ್ಟಿಸುತ್ತದೆ. ತಂದೆತಾಯಿ ಯಾಕೆ ಬರಲಿಲ್ಲ, ಆರತಕ್ಷತೆ ಯಾಕೆ ಆಗಲಿಲ್ಲ ಎಂಬುದಕ್ಕೆ ಒಂದು ಪುಟದ ನೇರ ವಿವರಣೆ ಇರಲಿ. ವೀಸಾ ಸಿಗಲಿಲ್ಲ, ಊರಿನಲ್ಲಿ ಮುಂದೆ ಆರತಕ್ಷತೆ ಇದೆ, ಏನಿದೆಯೋ ಅದನ್ನೇ ಬರೆಯಿರಿ. ಜಂಟಿ ಬ್ಯಾಂಕ್ ಖಾತೆ, ಬಾಡಿಗೆ ಕರಾರಿನಲ್ಲಿ ಇಬ್ಬರ ಹೆಸರು, ವಿಮೆಯಲ್ಲಿ ನಾಮಿನಿ, ಇವು ಮದುವೆಯ ಮರುದಿನದಿಂದಲೇ ಶುರುವಾಗಬೇಕಾದ ಕೆಲಸಗಳು.

ಸಲಹೆಗಾರರು ಬೇಕೇ? ಇಬ್ಬರಿಗೂ ಮೊದಲ ಮದುವೆ, ಸ್ಟೇಟಸ್ ಸರಿಯಿದೆ, ಹಿಂದೆ ವೀಸಾ ತಿರಸ್ಕೃತವಾಗಿಲ್ಲ ಎಂದರೆ ಬೇಡ; ಫಾರಂಗಳಿಗೆ ಒಂದೆರಡು ವಾರಾಂತ್ಯ ಸಾಕು. ವಿಚ್ಛೇದನ, ಅವಧಿ ಮೀರಿದ ವಾಸ, ಹಳೆಯ ಸುಳ್ಳು ಮಾಹಿತಿ ಇದ್ದರೆ ವಕೀಲರನ್ನೋ ವಲಸೆ ಸಲಹೆಗಾರರ ಕಾಲೇಜಿನ (ಹೆಸರು ಕಾಲೇಜಾದರೂ ಅದು ನಿಯಂತ್ರಣ ಸಂಸ್ಥೆ) ಪರವಾನಗಿ ಇರುವವರನ್ನೋ ಹಿಡಿಯಿರಿ. ಪರವಾನಗಿ ಸಂಖ್ಯೆಯನ್ನು ಆ ಸಂಸ್ಥೆಯ ತಾಣದಲ್ಲಿ ನೀವೇ ಹುಡುಕಿ ನೋಡಿ. ನನ್ನ ಹೆಸರು ಫಾರಂನಲ್ಲಿ ಬೇಡ ಎನ್ನುವವರಿಗೆ ಒಂದು ಡಾಲರನ್ನೂ ಕೊಡಬೇಡಿ. ಅರ್ಜಿ ತಿಂಗಳುಗಟ್ಟಲೆ ಅಲ್ಲಾಡದೆ ನಿಂತರೆ 5 ಡಾಲರ್ ಕಟ್ಟಿ ಮಾಹಿತಿ ಹಕ್ಕಿನಲ್ಲಿ ಅಧಿಕಾರಿಗಳ ಟಿಪ್ಪಣಿ ತರಿಸಿಕೊಳ್ಳಬಹುದು. ಆನ್‌ಲೈನ್ ಟ್ರ್ಯಾಕರ್‌ಗಿಂತ ಅದರಲ್ಲಿ ಹೆಚ್ಚು ತಿಳಿಯುತ್ತದೆ.

ಕ್ವಿಬೆಕ್‌ನಲ್ಲಿ ವಾಸಿಸುವವರಿಗೆ ಇದರ ಮೇಲೆ ಪ್ರಾಂತ್ಯದ್ದೇ ಒಂದು ಹಂತ ಮತ್ತು ಪ್ರತ್ಯೇಕ ಶುಲ್ಕ ಇದೆ, ಅರ್ಜಿಗಳ ಸಂಖ್ಯೆಗೆ ಮಿತಿಯೂ ಇರಬಹುದು. ಅಲ್ಲಿನ ನಿಯಮ ಓದದೆ ಮದುವೆಯ ದಿನವನ್ನೂ ಗೊತ್ತು ಮಾಡಬೇಡಿ.

ಪಿಆರ್ ದೃಢೀಕರಣ ಬಂದ ದಿನದಿಂದ ಸ್ಪಾನ್ಸರ್‌ನ ಮೂರು ವರ್ಷದ ಹೊಣೆ ಶುರು. ಆ ಅವಧಿಯಲ್ಲಿ ಸಂಗಾತಿ ಸರ್ಕಾರದ ಸಾಮಾಜಿಕ ನೆರವು ಪಡೆದರೆ ಆ ಹಣವನ್ನು ಸ್ಪಾನ್ಸರ್ ತೀರಿಸಬೇಕು, ನಡುವೆ ವಿಚ್ಛೇದನವಾದರೂ ಸರಿ. ಸಂತೋಷಕ್ಕೆ ತಕ್ಷಣ ಊರಿಗೆ ಟಿಕೆಟ್ ತೆಗೆಯುವವರು ಪಿಆರ್ ಕಾರ್ಡ್ ಅಂಚೆಯಲ್ಲಿ ಬರುವವರೆಗೆ ತಡೆಯಿರಿ. ಕಾರ್ಡ್ ಇಲ್ಲದೆ ಹೋದರೆ ವಾಪಸು ವಿಮಾನ ಹತ್ತಲು ಭಾರತದಿಂದ ಬೇರೆ ಪ್ರಯಾಣ ದಾಖಲೆಗೆ ಅರ್ಜಿ ಹಾಕಿ ಕಾಯಬೇಕಾಗುತ್ತದೆ.