ಹಳೆಯ ಕಂಪ್ಯೂಟರಿಗೆ ಪೆನ್ ಡ್ರೈವ್ ಆಸರೆ: ರೆಡಿಬೂಸ್ಟ್ ಬಳಸಿ ಕಂಡದ್ದು

ನನ್ನ ಬಳಿ ಇರುವ ಹಳೆಯ ನೆಟ್‌ಬುಕ್ 2 ಜಿಬಿಗಿಂತ ಹೆಚ್ಚಿನ ರ‍್ಯಾಮ್ ಅನ್ನು ಒಪ್ಪುವುದಿಲ್ಲ. ನಿಮಿಷಕ್ಕೆ 5400 ಸುತ್ತು ತಿರುಗುವ ಹಾರ್ಡ್ ಡಿಸ್ಕ್ ಮತ್ತು ವಿಂಡೋಸ್ 7 ಇರುವ ಈ ಯಂತ್ರವನ್ನು ಬರವಣಿಗೆಗೂ ಲೆಕ್ಕಪತ್ರಕ್ಕೂ ಮಾತ್ರ ಬಳಸುತ್ತೇನೆ. 2020ರ ಜನವರಿ 14ರಂದು ವಿಂಡೋಸ್ 7ಕ್ಕೆ ಮೈಕ್ರೋಸಾಫ್ಟ್‌ನ ಬೆಂಬಲ ಮುಗಿದಿರುವುದರಿಂದ ಅದನ್ನು ಅಂತರಜಾಲಕ್ಕೆ ಜೋಡಿಸುವುದಿಲ್ಲ. ಎರಡು ಮೂರು ತಂತ್ರಾಂಶಗಳನ್ನು ಒಟ್ಟಿಗೆ ತೆರೆದರೆ ಸಾಕು, ಡಿಸ್ಕ್ ಗರಗರ ಸದ್ದು ಮಾಡುತ್ತ ಪರದೆ ನಿಂತೇ ಹೋಗುತ್ತಿತ್ತು. ಹಾರ್ಡ್ ಡಿಸ್ಕಿನಿಂದ ಪದೇ ಪದೇ ಬೇಕಾಗುವ ಮಾಹಿತಿಯ ಪ್ರತಿಯನ್ನು ಪೆನ್ ಡ್ರೈವಿನಲ್ಲಿ ಇಟ್ಟುಕೊಳ್ಳುವ ರೆಡಿಬೂಸ್ಟ್ ಸೌಲಭ್ಯವನ್ನು ನಾನು ಪರೀಕ್ಷಿಸಿದ್ದು ಈ ಕಷ್ಟದಿಂದಾಗಿ.

ರೆಡಿಬೂಸ್ಟ್ ವಿಂಡೋಸ್ ವಿಸ್ತಾದೊಂದಿಗೆ ಬಂದದ್ದು. ಇದನ್ನು ‘ಹೆಚ್ಚುವರಿ ರ‍್ಯಾಮ್’ ಎಂದು ಕರೆಯುವುದು ರೂಢಿಯಾದರೂ ಆ ಮಾತು ಸರಿಯಲ್ಲ, ಮತ್ತು ಅದನ್ನು ನಂಬಿ ಪೆನ್ ಡ್ರೈವ್ ಕೊಂಡವರಿಗೆ ನಿರಾಸೆಯಾಗುವುದು ಖಚಿತ. ರ‍್ಯಾಮ್ ಕೆಲಸ ಮಾಡುವುದು ನ್ಯಾನೋಸೆಕೆಂಡುಗಳ ಲೆಕ್ಕದಲ್ಲಿ; ಯುಎಸ್‌ಬಿ ಕಿಂಡಿಯ ಮೂಲಕ ಮಾತನಾಡುವ ಪೆನ್ ಡ್ರೈವ್ ಅದರ ಹತ್ತಿರಕ್ಕೂ ಬರಲಾರದು. ಅದು ಪೈಪೋಟಿ ನಡೆಸುವುದು ಹಾರ್ಡ್ ಡಿಸ್ಕಿನ ಜೊತೆಗೆ, ಅದೂ ಒಂದೇ ಒಂದು ವಿಷಯದಲ್ಲಿ. ಡಿಸ್ಕಿನ ಬೇರೆ ಬೇರೆ ಮೂಲೆಗಳಲ್ಲಿ ಚದುರಿರುವ ಚಿಕ್ಕ ಚಿಕ್ಕ ತುಣುಕುಗಳನ್ನು ಓದಬೇಕಾದಾಗ ಅದರ ತೋಳು ಪ್ರತಿ ಬಾರಿಯೂ ಸರಿದು, ಬೇಕಾದ ಜಾಗ ತಿರುಗಿ ಬರುವವರೆಗೆ ಕಾಯಬೇಕು. 5400 ಸುತ್ತಿನ ಡಿಸ್ಕಿನಲ್ಲಿ ಈ ಕಾಯುವಿಕೆಯೇ ಸರಾಸರಿ 5.6 ಮಿಲಿಸೆಕೆಂಡು, ತೋಳು ಸರಿಯುವ ಹೊತ್ತನ್ನೂ ಸೇರಿಸಿದರೆ ಅದು ಸೆಕೆಂಡಿಗೆ ನೂರು ತುಣುಕುಗಳನ್ನೂ ಓದಲಾರದು. ಪೆನ್ ಡ್ರೈವಿನಲ್ಲಿ ತಿರುಗುವ ಭಾಗವೇ ಇಲ್ಲ. ರೆಡಿಬೂಸ್ಟ್ ಕೇಳುವ ಕನಿಷ್ಠ ವೇಗ, 4 ಕೆಬಿ ತುಣುಕುಗಳಲ್ಲಿ ಸೆಕೆಂಡಿಗೆ 2.5 ಎಂಬಿ ಓದು; ಎಂದರೆ ಸೆಕೆಂಡಿಗೆ ಸುಮಾರು 640 ತುಣುಕುಗಳು. ಆದರೆ ದೊಡ್ಡ ಕಡತವೊಂದನ್ನು ಸಾಲಾಗಿ ಓದುವಾಗ ಡಿಸ್ಕೇ ಮುಂದಿರುತ್ತದೆ, ಅಂಥ ಕೆಲಸವನ್ನು ವಿಂಡೋಸ್ ಡಿಸ್ಕಿಗೇ ಬಿಡುತ್ತದೆ.

ನನ್ನ ಮೊದಲ ಪ್ರಯತ್ನ ಕೈಗೂಡಲಿಲ್ಲ. ಮೇಜಿನ ಖಾನೆಯಲ್ಲಿದ್ದ ಹಳೆಯ ಪೆನ್ ಡ್ರೈವ್ ಅನ್ನು ಸಿಕ್ಕಿಸಿದಾಗ, ಅದಕ್ಕೆ ಬೇಕಾದಷ್ಟು ವೇಗವಿಲ್ಲವೆಂದು ವಿಂಡೋಸ್ ತಿರಸ್ಕರಿಸಿತು. ಜಾಗ ಸಾಕಷ್ಟಿದ್ದರೂ ಚಿಕ್ಕ ತುಣುಕುಗಳ ಓದು ಬರಹದಲ್ಲಿ ತೀರಾ ನಿಧಾನವಾದ ಡ್ರೈವುಗಳು ಬೇಕಾದಷ್ಟಿವೆ, ಪೊಟ್ಟಣದ ಮೇಲೆ ಮುದ್ರಿಸುವ ದೊಡ್ಡ ಸಂಖ್ಯೆ ಈ ಗುಣವನ್ನು ಹೇಳುವುದೂ ಇಲ್ಲ. ಎರಡನೆಯದಾದ 8 ಜಿಬಿ ಡ್ರೈವ್ ಸ್ವೀಕೃತವಾಯಿತು. ಅದರ ಪ್ರಾಪರ್ಟೀಸ್ ತೆರೆದು, ರೆಡಿಬೂಸ್ಟ್ ಟ್ಯಾಬಿನಲ್ಲಿ 4 ಜಿಬಿಯಷ್ಟು ಜಾಗವನ್ನು ಮೀಸಲಿಟ್ಟೆ. ರ‍್ಯಾಮ್ ಎಷ್ಟಿದೆಯೋ ಅಷ್ಟರಿಂದ ಅದರ ಎರಡೂವರೆ ಪಟ್ಟಿನವರೆಗೆ ಕೊಡುವುದು ಸೂಕ್ತವೆಂಬ ಮೈಕ್ರೋಸಾಫ್ಟ್‌ನ ಸಲಹೆಗೆ ಇದು ಹೊಂದುತ್ತದೆ. ವಿಂಡೋಸ್ 7ರಲ್ಲಿ ಎಂಟು ಡ್ರೈವುಗಳನ್ನು ಸೇರಿಸಿ 256 ಜಿಬಿವರೆಗೂ ಕೊಡಬಹುದು. ಇಂಥ ಪುಟ್ಟ ಯಂತ್ರಕ್ಕೆ ಅಷ್ಟು ಕೊಟ್ಟರೆ ಮೂಗಿಗಿಂತ ಮೂಗುತಿ ಭಾರ.

ಒಂದು ತಿಂಗಳ ಬಳಕೆಯಲ್ಲಿ ಕಂಡದ್ದನ್ನು ಹೇಳುತ್ತೇನೆ. ಯಂತ್ರ ಆರಂಭವಾಗುವ ಹೊತ್ತು ಬದಲಾಗಲಿಲ್ಲ, ದೊಡ್ಡ ಕಡತಗಳ ನಕಲೂ ಮೊದಲಿನಷ್ಟೇ ನಿಧಾನ. ಮೊದಲ ದಿನವಂತೂ ಏನೂ ವ್ಯತ್ಯಾಸ ಕಾಣದೆ ಸೌಲಭ್ಯವನ್ನು ತೆಗೆದುಹಾಕುವ ಮನಸ್ಸಾಗಿತ್ತು. ನಾವು ಯಾವ ತಂತ್ರಾಂಶವನ್ನು ಪದೇ ಪದೇ ತೆರೆಯುತ್ತೇವೆಂಬುದನ್ನು ಗಮನಿಸುವ ಸೂಪರ್‌ಫೆಚ್ ಎಂಬ ವಿಂಡೋಸ್ ಸೌಲಭ್ಯದ ಜೊತೆಗೆ ಇದು ಕೆಲಸ ಮಾಡುವುದರಿಂದ ಫಲ ಕಾಣಲು ಕೆಲವು ದಿನಗಳು ಬೇಕು. ಆಮೇಲೆ, ಲೆಕ್ಕದ ಹಾಳೆಯಲ್ಲಿ ಬಹಳ ಹೊತ್ತು ಕಳೆದು ಮತ್ತೆ ಬರವಣಿಗೆಯ ಕಿಟಕಿಗೆ ಮರಳುವಾಗ ಆಗುತ್ತಿದ್ದ ಆ ಅಸಹನೀಯ ತಡೆ ಕಣ್ಣಿಗೆ ಕಾಣುವಷ್ಟು ಕಡಿಮೆಯಾಯಿತು, ಡಿಸ್ಕಿನ ಸದ್ದೂ ತಗ್ಗಿತು. ನನ್ನ ಮಟ್ಟಿಗೆ ಅದೊಂದೇ ಸಾಕಾಗಿತ್ತು, ಏಕೆಂದರೆ ಬರೆಯುವವನ ಯೋಚನೆ ಕಡಿದುಹೋಗುತ್ತಿದ್ದುದು ಆ ತಡೆಯಲ್ಲೇ.

ಸುರಕ್ಷತೆಯ ವಿಷಯದಲ್ಲಿ ಈ ಸೌಲಭ್ಯವನ್ನು ಮನಸಾರೆ ಮೆಚ್ಚುತ್ತೇನೆ. ಡ್ರೈವಿನಲ್ಲಿರುವುದೆಲ್ಲವೂ ಹಾರ್ಡ್ ಡಿಸ್ಕಿನಲ್ಲಿರುವುದರ ಪ್ರತಿಯೇ ಆದ್ದರಿಂದ, ಕೆಲಸದ ನಡುವೆ ಯಾರಾದರೂ ಅದನ್ನು ಕಿತ್ತರೂ ಮಾಹಿತಿ ನಷ್ಟವಾಗುವುದಿಲ್ಲ, ವೇಗ ಮಾತ್ರ ಹಿಂದಿನ ಸ್ಥಿತಿಗೆ ಬರುತ್ತದೆ. ಬರೆಯುವ ಮೊದಲೇ ಮಾಹಿತಿಯನ್ನು 128 ಬಿಟ್‌ನ ಎಇಎಸ್ ವಿಧಾನದಲ್ಲಿ ಗೂಢಲಿಪಿಗೊಳಿಸುವುದರಿಂದ ಡ್ರೈವ್ ಕಳೆದುಹೋದರೂ ಕಾಗದಪತ್ರಗಳು ಬಯಲಾಗವು. ಲಿನಕ್ಸ್‌ನಲ್ಲಿ ಪೆನ್ ಡ್ರೈವ್ ಅನ್ನು ಸ್ವಾಪ್ ಆಗಿ, ಅಂದರೆ ಮೆಮೊರಿ ತುಂಬಿದಾಗ ಅದರಲ್ಲಿರುವುದನ್ನು ಇಳಿಸಿಡುವ ಜಾಗವಾಗಿ, ಬಳಸುವವರಿಗೆ ಈ ರಕ್ಷಣೆ ತಾನಾಗಿ ಸಿಗುವುದಿಲ್ಲ. ಅಲ್ಲಿ ನಡುವೆ ಕಿತ್ತರೆ ನಡೆಯುತ್ತಿರುವ ತಂತ್ರಾಂಶಗಳೇ ಕುಸಿಯಬಹುದು.

ಹಾಗಾದರೆ ಯಾರು ಬಳಸಬೇಕು? ರ‍್ಯಾಮ್ 1 ಅಥವಾ 2 ಜಿಬಿ ಇದ್ದು, ಅದನ್ನು ಏರಿಸಲು ದಾರಿಯಿಲ್ಲದೆ, ತಿರುಗುವ ಡಿಸ್ಕನ್ನೇ ನೆಚ್ಚಿಕೊಂಡವರು. ರ‍್ಯಾಮ್ ಸೇರಿಸಲು ಖಾಲಿ ಜಾಗವಿದ್ದರೆ ಮೊದಲು ಅದನ್ನೇ ಸೇರಿಸಿ. ಡಿಸ್ಕ್ ಬದಲಿಸಬಹುದಾದರೆ, ತಿರುಗುವ ಭಾಗಗಳಿಲ್ಲದ ಎಸ್‌ಎಸ್‌ಡಿ ಹಾಕಿ. ಎಸ್‌ಎಸ್‌ಡಿ ಇರುವ ಯಂತ್ರದಲ್ಲಿ, ಇದರಿಂದ ಹೆಚ್ಚಿನ ಲಾಭವಿಲ್ಲವೆಂದು ವಿಂಡೋಸ್ ತಾನೇ ರೆಡಿಬೂಸ್ಟ್ ಅನ್ನು ನಿರಾಕರಿಸುತ್ತದೆ. ವಿಂಡೋಸ್ 11ರ 22ಎಚ್2 ಆವೃತ್ತಿಯಿಂದ ಈ ಸೌಲಭ್ಯವನ್ನೇ ಕೈಬಿಡಲಾಗಿದೆ. ನನ್ನ ನೆಟ್‌ಬುಕ್ಕಿನ ಡಿಸ್ಕಿಗೆ ಎಸ್‌ಎಸ್‌ಡಿ ಬದಲಿಸುವ ದಿನದವರೆಗೆ ಆ 8 ಜಿಬಿ ಡ್ರೈವ್ ಅದರ ಬದಿಯಲ್ಲೇ ಇರುತ್ತದೆ.